ಫೋನಿನೊಳಗಿನ ಹುಡುಕಾಟ ಫೋನಿನೊಳಗೇ ಮುಗಿಯಲಿ

ಮಾನ್ಯ ಸಂಪಾದಕರೇ,

ಮೊಬೈಲ್ ಫೋನುಗಳ ಕ್ಯಾಮೆರಾ, ಬ್ಯಾಟರಿ, ಪರದೆಯ ಗಾತ್ರ ಇವುಗಳ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಬರಹಗಳು ಬರುತ್ತವೆ. ಆದರೆ ಫೋನ್ ಇರುವ ಪ್ರತಿಯೊಬ್ಬರೂ ದಿನಕ್ಕೆ ಹತ್ತಾರು ಸಲ ಮಾಡುವ ಒಂದು ಕೆಲಸದ ಬಗ್ಗೆ ಬರೆದದ್ದನ್ನು ನಾನು ಓದಿರುವುದು ಬಹಳ ಅಪರೂಪ. ಯಾರದೋ ನಂಬರ್ ಬೇಕಾದಾಗ ಅಥವಾ ಒಂದು ಆ್ಯಪ್ ತೆರೆಯಬೇಕಾದಾಗ ನಾವು ಸರ್ಚ್ ಬಾರ್‌ನಲ್ಲಿ ಎರಡು ಮೂರು ಅಕ್ಷರ ಒತ್ತಿ, ಕೆಳಗೆ ಮೂಡುವ ಸಾಲುಗಳಲ್ಲಿ ಬೇಕಾದುದನ್ನು ಮುಟ್ಟುತ್ತೇವೆ. ಫೋನಿನ ಜೊತೆಯಲ್ಲೇ ಬರುವ ಹುಡುಕಾಟ ಒಂದು ಬಗೆಯದಾದರೆ, ಇದಕ್ಕೆಂದೇ ನಾವು ಹಾಕಿಕೊಳ್ಳುವ ಆ್ಯಪ್‌ಗಳು ಇನ್ನೊಂದು ಬಗೆಯವು. ಯಾವುದೇ ಆಗಲಿ, ಅದು ನಮ್ಮ ಸಂಪರ್ಕಗಳನ್ನೂ ಆ್ಯಪ್‌ಗಳನ್ನೂ ಇಂಟರ್‌ನೆಟ್ಟಿನ ಹಂಗಿಲ್ಲದೆ ತಕ್ಷಣ ಹುಡುಕಿಕೊಡಬೇಕು, ನಾವು ಹೆಸರುಗಳನ್ನು ಬರೆಯುವ ರೀತಿಯಲ್ಲೇ ಅವನ್ನು ಓದಿಕೊಳ್ಳಬೇಕು, ಅವಸರದಲ್ಲಿರುವವರ ಬೆರಳಿನಡಿಗೆ ಕೇಳದೇ ಇದ್ದದ್ದನ್ನು ತಂದಿಡಬಾರದು ಎಂದು ಹೇಳುವುದಕ್ಕಾಗಿ ಈ ಪತ್ರ.

ಇದನ್ನು ಬರೆಯಲು ಒಂದು ರಾತ್ರಿಯ ಅನುಭವ ಕಾರಣ. ನನ್ನ ತಾಯಿಗೆ ನಡುರಾತ್ರಿಯಲ್ಲಿ ಉಸಿರಾಟ ಕಷ್ಟವಾಯಿತು. ಅವರನ್ನು ವರ್ಷಗಳಿಂದ ನೋಡುತ್ತಿದ್ದ ವೈದ್ಯರ ನಂಬರ್ ನನ್ನ ಫೋನಿನಲ್ಲಿತ್ತು. ಹೋಮ್ ಸ್ಕ್ರೀನಿನ ಸರ್ಚ್ ಬಾರ್‌ನಲ್ಲಿ ಅವರ ಹೆಸರಿನ ಮೊದಲ ಮೂರು ಅಕ್ಷರ ಒತ್ತಿದೆ, ಹೆಸರು ಬಂತು. ಅದರ ಮೇಲೆ ಬೆರಳಿಡುವಷ್ಟರಲ್ಲಿ ಇಂಟರ್‌ನೆಟ್ಟಿನಿಂದ ಬಂದ ಸಲಹೆಗಳು ಮೇಲೆ ಸೇರಿಕೊಂಡು ಉಳಿದ ಸಾಲುಗಳೆಲ್ಲ ಕೆಳಗೆ ಸರಿದವು. ವೈದ್ಯರ ಹೆಸರಿದ್ದ ಜಾಗಕ್ಕೆ ಯಾವುದೋ ಆ್ಯಪ್‌ನ ಜಾಹೀರಾತು ಬಂದಿತ್ತು. ಬೆರಳು ಅದರ ಮೇಲೆ ಬಿದ್ದು ಆ್ಯಪ್ ಸ್ಟೋರ್ ತೆರೆದುಕೊಂಡಿತು. ಹಿಂದಕ್ಕೆ ಬಂದು ಮತ್ತೆ ಒತ್ತಿದೆ. ಕೈ ನಡುಗುತ್ತಿದ್ದುದರಿಂದ ಒಂದು ಅಕ್ಷರ ತಪ್ಪಿತು, ಹೆಸರು ಬರಲೇ ಇಲ್ಲ. ಮೂರನೆಯ ಸಲ ಸಾಲುಗಳು ಮತ್ತೆ ಜರುಗಿ, ಅದೇ ಅಕ್ಷರಗಳಿಂದ ಶುರುವಾಗುವ ಬೇರೊಬ್ಬರ ಹೆಸರಿನ ಮೇಲೆ ಬೆರಳು ಬಿದ್ದು, ನಿದ್ದೆಯಲ್ಲಿದ್ದ ಅವರಿಗೆ ಕರೆ ಹೋಯಿತು. ಕೊನೆಗೆ ಫೋನ್ ಬುಕ್ ತೆರೆದು, ನೂರಾರು ಹೆಸರುಗಳನ್ನು ಒಂದೊಂದಾಗಿ ಜರುಗಿಸುತ್ತಾ ವೈದ್ಯರ ನಂಬರ್ ಹುಡುಕಿದೆ. ತಾಯಿ ಚೇತರಿಸಿಕೊಂಡರು. ಆದರೆ ಕೈಯಲ್ಲೇ ಇದ್ದ ನಂಬರ್ ಕೈಗೆ ಸಿಗದೆ ಹೋದ ಆ ನಿಮಿಷಗಳನ್ನು ನಾನು ಮರೆತಿಲ್ಲ.

ಆಮೇಲೆ ಬಿಡುವಾಗಿ ಕೂತು ಹೀಗೇಕಾಯಿತೆಂದು ನೋಡಿದೆ. ಕಾರಣ ಸರಳವಾಗಿದೆ. ಫೋನಿನಲ್ಲೇ ಇರುವ ಹೆಸರುಗಳು ರೆಪ್ಪೆ ಬಡಿಯುವುದರೊಳಗೆ ಸಿಕ್ಕಿಬಿಡುತ್ತವೆ. ಅದೇ ಅಕ್ಷರಗಳನ್ನು ದೂರದ ಸರ್ವರ್‌ಗೆ ಕಳಿಸಿ ತರಿಸಿಕೊಳ್ಳುವ ಉತ್ತರ ತುಸು ತಡವಾಗಿ ಬರುತ್ತದೆ, ಸಿಗ್ನಲ್ ದುರ್ಬಲವಾಗಿದ್ದರೆ ಇನ್ನಷ್ಟು ತಡವಾಗುತ್ತದೆ. ತಡವಾಗಿ ಬಂದದ್ದು ಸಾಲಿನ ಕೊನೆಯಲ್ಲಿ ನಿಲ್ಲುವುದು ನ್ಯಾಯ. ಹಾಗೆ ಮಾಡದೆ ಅದನ್ನು ಮೇಲೆ ತಂದು ಕೂರಿಸಿದರೆ, ಕಣ್ಣು ನೋಡಿ ಮನಸ್ಸು ಒಪ್ಪಿ ಬೆರಳು ಕೆಳಗಿಳಿಯುವ ಆ ಅರೆಕ್ಷಣದಲ್ಲಿ ಇಡೀ ಪಟ್ಟಿ ಬದಲಾಗಿಬಿಡುತ್ತದೆ. ತಪ್ಪು ಒತ್ತಿದವರು ತಮ್ಮ ಬೆರಳನ್ನೇ ದೂರುತ್ತಾರೆ. ವಯಸ್ಸಾದವರಂತೂ ತಮಗೆ ಫೋನ್ ಬಳಸಲು ಬರುವುದಿಲ್ಲವೆಂದೇ ನಂಬಿಬಿಡುತ್ತಾರೆ. ತಪ್ಪು ಅವರದಲ್ಲ. ಒಮ್ಮೆ ತೋರಿಸಿದ ಸಾಲನ್ನು ಬಳಕೆದಾರರು ಇನ್ನೊಂದು ಅಕ್ಷರ ಒತ್ತುವವರೆಗೆ ಅಲ್ಲಾಡಿಸಬಾರದೆಂಬ ಒಂದೇ ನಿಯಮವನ್ನು ತಯಾರಕರು ಪಾಲಿಸಿದರೂ ಈ ತೊಂದರೆಯ ಬಹುಪಾಲು ಇಲ್ಲವಾಗುತ್ತದೆ.

ಹಿಂದೆ ಹೀಗಿರಲಿಲ್ಲ ಎನ್ನುವುದಕ್ಕೆ ಆಧಾರವಿದೆ. ಬಟನ್ ಫೋನುಗಳ ಕಾಲವನ್ನು ನೆನಪಿಸಿಕೊಳ್ಳಿ. ಅಂಕಿಗಳ ಮೇಲೆ ರೋಮನ್ ಅಕ್ಷರಗಳನ್ನು ಹಂಚುವ ಕ್ರಮವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಇ.161 ಎಂಬ ಶಿಫಾರಸು ನಿಗದಿಪಡಿಸಿದೆ: 2ರ ಮೇಲೆ ಎ, ಬಿ, ಸಿ, 5ರ ಮೇಲೆ ಜೆ, ಕೆ, ಎಲ್, ಹೀಗೆ 9ರವರೆಗೆ. 1990ರ ದಶಕದಲ್ಲಿ ಟೆಜಿಕ್ ಕಮ್ಯುನಿಕೇಷನ್ಸ್ ಎಂಬ ಕಂಪನಿ ಈ ಹಂಚಿಕೆಯನ್ನೇ ಬಳಸಿ, ಪ್ರತಿ ಅಕ್ಷರಕ್ಕೆ ಒಂದೇ ಸಲ ಕೀಲಿ ಒತ್ತಿದರೂ ಪದವನ್ನು ಊಹಿಸಿಕೊಡುವ ಟಿ9 ವಿಧಾನವನ್ನು ತಂದಿತು. ಅದೇ ಯೋಚನೆ ಮುಂದೆ ಡಯಲ್ ಪ್ಯಾಡಿಗೂ ಬಂತು. ಡಯಲ್ ಪ್ಯಾಡಿನಲ್ಲಿ 5, 2, 5 ಒತ್ತಿದರೆ ಲಕ್ಷ್ಮಿಯೂ ಬರುತ್ತಾರೆ, ಕಲಾವತಿಯೂ ಬರುತ್ತಾರೆ, ಏಕೆಂದರೆ ಎಲ್ ಮತ್ತು ಕೆ ಎರಡೂ 5ರ ಮೇಲಿವೆ. ಇನ್ನೊಂದು ಅಂಕಿ ಒತ್ತಿದರೆ ಇಬ್ಬರಲ್ಲಿ ಒಬ್ಬರು ಉಳಿಯುತ್ತಾರೆ. ಕರೆ ಮಾಡುವ ಜಾಗದಲ್ಲೇ ಹುಡುಕಾಟವೂ ನಡೆಯುವುದರಿಂದ ಬೇರೆಲ್ಲೂ ಹೋಗಬೇಕಾಗಿಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ಬಹಳ ಹಿಂದಿನಿಂದಲೂ ಇರುವ ಈ ಸೌಲಭ್ಯ ಐಫೋನಿನ ಫೋನ್ ಆ್ಯಪ್‌ಗೆ ಬಂದದ್ದು 2024ರಲ್ಲಿ, ಅದನ್ನು ನಡೆಸುವ ತಂತ್ರಾಂಶದ ಹೊಸ ಆವೃತ್ತಿ ಐಒಎಸ್ 18ರ ಜೊತೆಗೆ. ನನ್ನ ಪರಿಚಯದ ಅನೇಕರಿಗೆ ತಮ್ಮ ಫೋನಿನಲ್ಲಿ ಇಂಥದೊಂದು ಇದೆಯೆಂಬುದೇ ತಿಳಿದಿರಲಿಲ್ಲ. ತೋರಿಸಿಕೊಟ್ಟ ಮೇಲೆ ಅವರು ಸರ್ಚ್ ಬಾರ್ ಮುಟ್ಟುವುದನ್ನೇ ಕಡಿಮೆ ಮಾಡಿದ್ದಾರೆ.

ಟಚ್ ಸ್ಕ್ರೀನ್ ಫೋನುಗಳಲ್ಲಿ ಎಲ್ಲವನ್ನೂ ಒಂದೇ ಕಡೆ ಹುಡುಕುವ ಏರ್ಪಾಡು ಬಂದ ವರ್ಷವೆಂದು 2009ನ್ನು ಹೆಸರಿಸಬಹುದು. ಆ ವರ್ಷದ ಜೂನ್‌ನಲ್ಲಿ ಆ್ಯಪಲ್ ತನ್ನ ಕಂಪ್ಯೂಟರುಗಳಲ್ಲಿ 2005ರಿಂದ ಇದ್ದ ಸ್ಪಾಟ್‌ಲೈಟ್ ಹುಡುಕಾಟವನ್ನು ಐಫೋನಿಗೂ ತಂದಿತು. ಅದೇ ತಿಂಗಳು ಮಾರುಕಟ್ಟೆಗೆ ಬಂದ ಪಾಮ್ ಪ್ರೀ ಫೋನಿನಲ್ಲಿ ಹೋಮ್ ಸ್ಕ್ರೀನಿನಲ್ಲಿ ಸುಮ್ಮನೆ ಬೆರಳಚ್ಚಿಸಲು ಶುರುಮಾಡಿದರೆ ಸಾಕಿತ್ತು, ಸಂಪರ್ಕಗಳೂ ಆ್ಯಪ್‌ಗಳೂ ಮೂಡುತ್ತಿದ್ದವು. ಸೆಪ್ಟೆಂಬರ್‌ನಲ್ಲಿ ಬಂದ ಆಂಡ್ರಾಯ್ಡ್ 1.6ರಲ್ಲಿ ‘ಕ್ವಿಕ್ ಸರ್ಚ್ ಬಾಕ್ಸ್’ ಇತ್ತು. ಅದರ ಸೆಟ್ಟಿಂಗ್ಸ್‌ನಲ್ಲಿ ಏನೇನನ್ನು ಹುಡುಕಬೇಕೆಂದು ಬಳಕೆದಾರರೇ ಗುರುತು ಹಾಕಬಹುದಾಗಿತ್ತು: ಸಂಪರ್ಕಗಳು ಬೇಕು, ಆ್ಯಪ್‌ಗಳು ಬೇಕು, ಹಾಡುಗಳು ಬೇಡ ಎಂದು. 2010ರ ಮಾರ್ಚ್‌ನಲ್ಲಿ ಗೂಗಲ್ ಬಿಡುಗಡೆ ಮಾಡಿದ ‘ಜೆಸ್ಚರ್ ಸರ್ಚ್’ ಆ್ಯಪ್‌ನಲ್ಲಿ ಪರದೆಯ ಮೇಲೆ ಬೆರಳಿನಿಂದ ಅಕ್ಷರ ಬರೆದರೆ ಆ ಅಕ್ಷರದ ಹೆಸರುಗಳು ಬರುತ್ತಿದ್ದವು. ಕೀಬೋರ್ಡಿನ ಪುಟ್ಟ ಕೀಲಿಗಳನ್ನು ಒತ್ತಲು ಕಷ್ಟಪಡುವವರಿಗೆ ಅದು ನಿಜವಾದ ಉಪಕಾರವಾಗಿತ್ತು. ಹದಿನೈದು ವರ್ಷಗಳ ಹಿಂದಿನ, ಇಂದಿನದಕ್ಕೆ ಹೋಲಿಸಿದರೆ ಬಹಳ ನಿಧಾನವಾದ ಫೋನುಗಳಲ್ಲಿ ಇಷ್ಟೆಲ್ಲ ಸಾಧ್ಯವಾಗಿತ್ತು ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಇಂದಿನ ಎಷ್ಟೋ ಫೋನುಗಳಲ್ಲಿ ಅದೇ ಪೆಟ್ಟಿಗೆ ಸುದ್ದಿ, ವಿಡಿಯೊ, ಹೊಸ ಆ್ಯಪ್‌ಗಳ ಶಿಫಾರಸು, ‘ಟ್ರೆಂಡಿಂಗ್’ ಪದಗಳು ಎಲ್ಲಕ್ಕೂ ಬಾಗಿಲಾಗಿದೆ, ಮತ್ತು ಇವನ್ನು ನಿಲ್ಲಿಸುವ ಗುಂಡಿ ಸೆಟ್ಟಿಂಗ್ಸ್‌ನ ನಾಲ್ಕನೆಯ ಐದನೆಯ ಮಡಿಕೆಯಲ್ಲಿ ಅಡಗಿದೆ.

ಒಳ್ಳೆಯ ಹುಡುಕಾಟ ಹೇಗಿರಬೇಕೆಂದರೆ, ಅದು ಹೆಸರುಗಳ ಒಂದು ಸೂಚಿಯನ್ನು ಮೊದಲೇ ಸಿದ್ಧಪಡಿಸಿ ಇಟ್ಟುಕೊಂಡಿರಬೇಕು. ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತೆ, ಯಾವ ಅಕ್ಷರಕ್ಕೆ ಯಾರು ಯಾರು ಎಂಬುದು ಅದಕ್ಕೆ ಮುಂಚೆಯೇ ಗೊತ್ತಿದ್ದರೆ ಪ್ರತಿ ಸಲ ಇಡೀ ಫೋನ್ ಬುಕ್ ಜಾಲಾಡಬೇಕಾಗುವುದಿಲ್ಲ. ಹೆಸರಿನ ಮೊದಲ ಪದವನ್ನು ಮಾತ್ರ ನೋಡಿದರೆ ಸಾಲದು, ಎರಡನೆಯ ಮೂರನೆಯ ಪದಗಳ ಆರಂಭವನ್ನೂ ನೋಡಬೇಕು, ಏಕೆಂದರೆ ನಾವು ಕೆಲವರನ್ನು ಅವರ ಹೆಸರಿನಿಂದ, ಕೆಲವರನ್ನು ಕುಲನಾಮದಿಂದ, ಇನ್ನು ಕೆಲವರನ್ನು ಅವರ ಕಚೇರಿಯ ಹೆಸರಿನಿಂದ ನೆನಪಿಡುತ್ತೇವೆ. ಎರಡು ಪದಗಳ ಮೊದಲಕ್ಷರಗಳನ್ನಷ್ಟೇ ಒತ್ತಿದರೂ ಸಿಗುವಂತಿರಬೇಕು. ಸಂಪರ್ಕದ ಜೊತೆ ನಾವು ಬರೆದಿಟ್ಟ ಟಿಪ್ಪಣಿ, ಅಡ್ಡಹೆಸರು, ಸಂಸ್ಥೆಯ ಹೆಸರು ಇವೂ ಸೂಚಿಯಲ್ಲಿ ಸೇರಬೇಕು. ನಾವು ಹೆಚ್ಚು ಸಲ ಮತ್ತು ಇತ್ತೀಚೆಗೆ ಕರೆ ಮಾಡಿದವರನ್ನು ಮೇಲೆ ತರುವುದು ಒಳ್ಳೆಯದೇ. ಆದರೆ ದಿನಕ್ಕೊಂದು ಕ್ರಮ ಬದಲಾದರೆ ಬೆರಳಿಗೆ ರೂಢಿಯಾದ ಜಾಗ ತಪ್ಪುತ್ತದೆ, ಆದ್ದರಿಂದ ಈ ಏರಿಳಿತ ನಿಧಾನವಾಗಿರಬೇಕೆಂದು ನನ್ನ ಅಭಿಪ್ರಾಯ.

ನಿಜವಾದ ಕಷ್ಟ ಇರುವುದು ಹೆಸರುಗಳ ಕಾಗುಣಿತದಲ್ಲಿ. ಲಕ್ಷ್ಮಿ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬರು ಕೆ, ಎಸ್, ಎಚ್ ಸೇರಿಸಿ ಬರೆಯುತ್ತಾರೆ, ಇನ್ನೊಬ್ಬರು ಆ ಮೂರರ ಬದಲು ಎಕ್ಸ್ ಒಂದನ್ನೇ ಹಾಕುತ್ತಾರೆ. ಸೇವ್ ಮಾಡಿದ ದಿನ ಯಾವುದನ್ನು ಬಳಸಿದೆವೆಂಬುದು ಹುಡುಕುವ ದಿನ ನೆನಪಿರುವುದಿಲ್ಲ. ಮೇಲೆ ಹೇಳಿದ ಡಯಲ್ ಪ್ಯಾಡಿನಲ್ಲಿ ಕೂಡ ಒಂದು 5, 2, 5 ಆದರೆ ಇನ್ನೊಂದು 5, 2, 9 ಆಗುತ್ತದೆ. ತಪ್ಪು ಅಕ್ಷರಗಳನ್ನು ಸಹಿಸಿಕೊಳ್ಳುವ ಆ್ಯಪ್‌ಗಳು ಸಾಮಾನ್ಯವಾಗಿ 1965ರಲ್ಲಿ ಸೋವಿಯತ್ ಗಣಿತಜ್ಞ ವ್ಲಾಡಿಮಿರ್ ಲೆವೆನ್‌ಷ್ಟೈನ್ ಮಂಡಿಸಿದ ಅಳತೆಯನ್ನು ಬಳಸುತ್ತವೆ: ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರಗಳನ್ನು ಸೇರಿಸಬೇಕು, ತೆಗೆಯಬೇಕು ಅಥವಾ ಬದಲಿಸಬೇಕು ಎಂಬ ಎಣಿಕೆ ಅದು. ಲಕ್ಷ್ಮಿಯ ಈ ಎರಡು ರೂಪಗಳ ನಡುವೆ ಆ ಎಣಿಕೆ 3 ಬರುತ್ತದೆ, ಒಂದೆರಡು ತಪ್ಪುಗಳನ್ನು ಮಾತ್ರ ಸಹಿಸುವ ಆ್ಯಪ್‌ಗೆ ಅವು ಬೇರೆ ಬೇರೆ ಹೆಸರುಗಳಾಗಿಯೇ ಉಳಿಯುತ್ತವೆ. ಆದರೆ ಇದಕ್ಕಿಂತ ಬಹಳ ಹಳೆಯದಾದ ಇನ್ನೊಂದು ವಿಧಾನವಿದೆ. 1918ರಲ್ಲಿ ಅಮೆರಿಕದ ರಾಬರ್ಟ್ ರಸೆಲ್ ಅವರಿಗೆ ಪೇಟೆಂಟ್ ದೊರೆತ ಸೌಂಡೆಕ್ಸ್ ವಿಧಾನ, ಹೆಸರಿನ ಮೊದಲ ಅಕ್ಷರವನ್ನು ಉಳಿಸಿಕೊಂಡು, ಒಂದೇ ಬಗೆಯಲ್ಲಿ ಧ್ವನಿಸುವ ವ್ಯಂಜನಗಳಿಗೆ ಒಂದೇ ಅಂಕಿ ಕೊಡುತ್ತದೆ. ಸ್ವರಗಳನ್ನು ಬಿಟ್ಟುಬಿಡುವ, ಇಂದು ಬಳಕೆಯಲ್ಲಿರುವ ಅದರ ರೂಪದಲ್ಲಿ ಲೆಕ್ಕ ಹಾಕಿ ನೋಡಿದರೆ ಲಕ್ಷ್ಮಿಯ ಎರಡೂ ರೂಪಗಳಿಗೆ ಎಲ್250 ಎಂಬ ಒಂದೇ ಸಂಕೇತ ಸಿಗುತ್ತದೆ. ಕಾಗದದ ಕಡತಗಳ ಕಾಲದಲ್ಲಿ, ಕಂಪ್ಯೂಟರ್ ಹುಟ್ಟುವ ಮೊದಲೇ ಬಿಡಿಸಿದ ಲೆಕ್ಕವನ್ನು ನಮ್ಮ ಫೋನುಗಳು ಇನ್ನೂ ಸರಿಯಾಗಿ ಬಿಡಿಸುತ್ತಿಲ್ಲ ಎಂಬುದು ನನಗೆ ನೋವಿನ ಸಂಗತಿ. ಸೌಂಡೆಕ್ಸ್ ಇಂಗ್ಲಿಷ್ ಉಚ್ಚಾರಣೆಗೆ ಹೊಂದಿಸಿದ ವಿಧಾನ, ಅದನ್ನೇ ಹಾಗೇ ಬಳಸಿರೆಂದು ನಾನು ಹೇಳುತ್ತಿಲ್ಲ. ಕಣ್ಣಿಗೆ ಕಾಣುವ ಅಕ್ಷರಗಳನ್ನಷ್ಟೇ ಹೋಲಿಸಿದರೆ ಸಾಲದು, ಕಿವಿಗೆ ಕೇಳುವ ಧ್ವನಿಯನ್ನೂ ಹೋಲಿಸಬೇಕೆಂಬ ಅದರ ಒಳಗಿನ ತಿಳಿವಳಿಕೆ ಬೇಕು.

ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಉಳಿಸಿಕೊಳ್ಳುವವರಿಗೆ ಕಷ್ಟ ಇನ್ನೂ ಒಂದು ಪಟ್ಟು ಹೆಚ್ಚು. ಡಯಲ್ ಪ್ಯಾಡಿನ ಅಂಕಿಗಳಿಗೆ ರೋಮನ್ ಅಕ್ಷರಗಳೇ ಇರುವುದರಿಂದ ಆ ದಾರಿ ಅವರಿಗೆ ಮುಚ್ಚಿದಂತೆಯೇ. ಕೀಬೋರ್ಡ್ ಇಂಗ್ಲಿಷಿನಲ್ಲಿದ್ದರೆ ಸರ್ಚ್ ಬಾರ್‌ನಲ್ಲೂ ಹೆಸರು ಸಾಮಾನ್ಯವಾಗಿ ಸಿಗುವುದಿಲ್ಲ. ಕೀಬೋರ್ಡನ್ನು ಕನ್ನಡಕ್ಕೆ ಬದಲಿಸಿಕೊಂಡರೂ ಕಣ್ಣಿಗೆ ಕಾಣದ ತೊಡಕುಗಳಿವೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ವಿಭಾಗವೊಂದಿದೆ. ಅದರಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂಬ ಎರಡು ಸಂಕೇತಗಳ ಜೋಡಿಯಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಒಳಗೆ ಮಾತ್ರ ಬೇರೆ ಬೇರೆ. ಇವನ್ನು ಹೋಲಿಸುವ ಮೊದಲು ಒಂದೇ ರೂಪಕ್ಕೆ ತರಬೇಕೆಂದು ಯೂನಿಕೋಡ್ ನಿಯಮಗಳೇ ದಾರಿ ತೋರಿಸಿವೆ. ಅರ್ಜುನ್‌ಕುಮಾರ್ ಎಂಬ ಹೆಸರಿನಲ್ಲಿ ನಕಾರಕ್ಕೆ ಕಕಾರ ಒತ್ತಕ್ಷರವಾಗಿ ಅಂಟದಿರಲೆಂದು ನಡುವೆ ಒಂದು ಅದೃಶ್ಯ ಸಂಕೇತ ಸೇರಿರುತ್ತದೆ. ಹುಡುಕುವವರು ಅದನ್ನು ಒತ್ತದಿದ್ದರೆ ಹೆಸರು ತಪ್ಪಿಹೋಗಬಹುದು. ಅರ್ಕಾವೊತ್ತಿನಿಂದ ಬರೆದ ‘ಸೂರ್ಯ’ ಮತ್ತು ರಕಾರವನ್ನು ಪೂರ್ತಿಯಾಗಿ ಉಳಿಸಿ ಬರೆದ ‘ಸೂರ‍್ಯ’ ಒಬ್ಬರೇ ಎಂದು ನಮಗೆ ತಿಳಿಯುತ್ತದೆ, ಎಚ್ಚರಿಕೆಯಿಂದ ಬರೆಯದ ಪ್ರೋಗ್ರಾಮಿಗೆ ತಿಳಿಯುವುದಿಲ್ಲ. ಇವು ಬಗೆಹರಿಯದ ಸಮಸ್ಯೆಗಳೇನಲ್ಲ. ತಂತ್ರಾಂಶ ಬರೆಯುವವರು ಉಚಿತವಾಗಿ ಬಳಸಬಹುದಾದ ಐಸಿಯು ಎಂಬ ಮುಕ್ತ ಸಂಗ್ರಹದಲ್ಲಿ ಇಂಥ ಹೋಲಿಕೆಯ ನಿಯಮಗಳೂ ಇವೆ, ಕನ್ನಡ ಲಿಪಿಯ ಪದವನ್ನು ರೋಮನ್ ಲಿಪಿಗೆ ಬದಲಿಸುವ ನಿಯಮಗಳೂ ಇವೆ. ಸೂಚಿ ಸಿದ್ಧಪಡಿಸುವಾಗ ಪ್ರತಿ ಹೆಸರನ್ನೂ ಎರಡೂ ಲಿಪಿಗಳಲ್ಲಿ ಸೇರಿಸಿಬಿಟ್ಟರೆ, ಯಾವ ಕೀಬೋರ್ಡಿನಿಂದ ಒತ್ತಿದರೂ ಹೆಸರು ಸಿಗುತ್ತದೆ. ತಮಿಳು, ತೆಲುಗು, ಅರಬ್ಬಿ, ಜಪಾನಿ ಬಳಸುವವರೂ ಬೇರೆ ಬೇರೆ ರೂಪದಲ್ಲಿ ಇದೇ ಕಷ್ಟವನ್ನು ಅನುಭವಿಸುತ್ತಾರೆ.

ಆ್ಯಪ್‌ಗಳ ವಿಷಯದಲ್ಲಿ ತೊಂದರೆ ಸ್ವಲ್ಪ ಕಡಿಮೆ, ಏಕೆಂದರೆ ಅವುಗಳ ಹೆಸರನ್ನು ಇಟ್ಟವರು ನಾವಲ್ಲ. ಆದರೂ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಎಷ್ಟೋ ಫೋನುಗಳಲ್ಲಿ ಗಡಿಯಾರ, ಕ್ಯಾಲ್ಕುಲೇಟರ್, ಸೆಟ್ಟಿಂಗ್ಸ್ ಇವುಗಳ ಹೆಸರೂ ಕನ್ನಡಕ್ಕೆ ಬದಲಾಗಿ, ಇಂಗ್ಲಿಷಿನಲ್ಲಿ ಒತ್ತಿದವರಿಗೆ ಕಾಣಿಸದಾಗುತ್ತವೆ. ಕನ್ನಡದಲ್ಲಿ ಫೋನ್ ಬಳಸಲು ಉತ್ಸಾಹದಿಂದ ತೊಡಗಿದವರು ಮತ್ತೆ ಇಂಗ್ಲಿಷಿಗೆ ಮರಳುವುದನ್ನು ನಾನು ಕಂಡಿದ್ದೇನೆ. ಕಂಪನಿಗಳು ಹೆಸರು ಬದಲಿಸಿದಾಗಲೂ ಹೀಗೇ. ಟ್ವಿಟರ್ 2023ರ ಜುಲೈನಲ್ಲಿ ಎಕ್ಸ್ ಆಯಿತು. ಹಳೆಯ ಹೆಸರೇ ಬಾಯಿಗೆ ಬರುವವರಿಗೆ ಅದೇ ಹೆಸರಿನಿಂದಲೂ ಆ್ಯಪ್ ಸಿಗುವಂತಿರಬೇಕು. ನಮಗೆ ಒಗ್ಗುವ ಹೆಸರನ್ನು ನಾವೇ ಕೊಟ್ಟುಕೊಳ್ಳುವ ಅವಕಾಶ ಹೋಮ್ ಸ್ಕ್ರೀನನ್ನು ನಿಭಾಯಿಸುವ ಆ್ಯಪ್‌ಗಳಾದ ಕೆಲವು ಲಾಂಚರ್‌ಗಳಲ್ಲಿದೆ, ಎಲ್ಲದರಲ್ಲೂ ಇರಬೇಕು.

ಫೋನಿನ ಜೊತೆ ಬಂದ ಹುಡುಕಾಟ ಸಾಲದೆಂದು ಬೇರೆ ಆ್ಯಪ್ ಹಾಕಿಕೊಳ್ಳುವವರು ಒಂದು ವಿಷಯವನ್ನು ಗಂಭೀರವಾಗಿ ಯೋಚಿಸಬೇಕು. ಸಂಪರ್ಕಗಳನ್ನು ಹುಡುಕಬೇಕಾದರೆ ಆ ಆ್ಯಪ್‌ಗೆ ನಮ್ಮ ಇಡೀ ಫೋನ್ ಬುಕ್ ಓದುವ ಅನುಮತಿ ಬೇಕು, ಆ್ಯಪ್‌ಗಳನ್ನು ಹುಡುಕಬೇಕಾದರೆ ನಮ್ಮ ಫೋನಿನಲ್ಲಿ ಏನೇನಿದೆ ಎಂಬ ಪಟ್ಟಿ ಬೇಕು. ಎರಡೂ ಸೂಕ್ಷ್ಮ ಮಾಹಿತಿಗಳೇ. ನಾವು ಯಾವ ಆ್ಯಪ್‌ಗಳನ್ನು ಬಳಸುತ್ತೇವೆಂಬುದರಿಂದಲೇ ನಮ್ಮ ಆರೋಗ್ಯ, ನಂಬಿಕೆ, ಹಣಕಾಸಿನ ಸ್ಥಿತಿಯನ್ನು ಊಹಿಸಬಹುದು. 2012ರ ಫೆಬ್ರವರಿಯಲ್ಲಿ ಪಾತ್ ಎಂಬ ಐಫೋನ್ ಆ್ಯಪ್ ಬಳಕೆದಾರರ ಫೋನ್ ಬುಕ್‌ಗಳನ್ನು ಕೇಳದೆ ತನ್ನ ಸರ್ವರ್‌ಗೆ ಸಾಗಿಸುತ್ತಿದ್ದುದು ಬಯಲಾಗಿ, ಕಂಪನಿ ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ಬಂದ ಐಒಎಸ್ 6ರಿಂದ ಸಂಪರ್ಕಗಳನ್ನು ಓದಲು ಬಳಕೆದಾರರ ಒಪ್ಪಿಗೆ ಕಡ್ಡಾಯವಾಯಿತು. ಆಂಡ್ರಾಯ್ಡ್‌ನಲ್ಲಿ ಬಳಸುವ ಹೊತ್ತಿಗೆ ಒಪ್ಪಿಗೆ ಕೇಳುವ ಪದ್ಧತಿ 2015ರ 6.0 ಆವೃತ್ತಿಯಿಂದ ಬಂತು. ಬೇರೆ ಆ್ಯಪ್‌ಗಳ ಪಟ್ಟಿಯನ್ನು ಸುಮ್ಮಸುಮ್ಮನೆ ನೋಡದಂತೆ 2020ರ ಆಂಡ್ರಾಯ್ಡ್ 11 ತಡೆ ಹಾಕಿತು. ಐಒಎಸ್ 18ರಲ್ಲಿ ಆಯ್ದ ಸಂಪರ್ಕಗಳನ್ನು ಮಾತ್ರ ತೋರಿಸುವ ಅವಕಾಶವೂ ಬಂದಿದೆ, ಆದರೆ ಎಲ್ಲರನ್ನೂ ಹುಡುಕಬೇಕಾದ ಆ್ಯಪ್‌ಗೆ ಅದರಿಂದ ಪ್ರಯೋಜನ ಕಡಿಮೆ. ಒಂದು ಕೊರತೆ ಇಂದಿಗೂ ಉಳಿದಿದೆ: ಆಂಡ್ರಾಯ್ಡ್‌ನಲ್ಲಿ ಇಂಟರ್‌ನೆಟ್ ಬಳಸುವ ಅನುಮತಿಯನ್ನು ಆ್ಯಪ್ ಹಾಕಿಕೊಳ್ಳುವಾಗಲೇ ಕೊಟ್ಟಾಗಿರುತ್ತದೆ, ನಮ್ಮನ್ನು ಯಾರೂ ಕೇಳುವುದಿಲ್ಲ. ಫೋನಿನೊಳಗೇ ಹುಡುಕುವ ಆ್ಯಪ್‌ಗೆ ಇಂಟರ್‌ನೆಟ್ ಏಕೆ ಬೇಕು? ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ನ ವಿವರಗಳ ಕೆಳಗೆ ಅನುಮತಿಗಳ ಪಟ್ಟಿ ಇರುತ್ತದೆ. ಸಂಪರ್ಕ ಓದುವ ಅನುಮತಿ ಮತ್ತು ನೆಟ್‌ವರ್ಕ್ ಬಳಸುವ ಅನುಮತಿ ಎರಡೂ ಒಟ್ಟಿಗೆ ಇದ್ದರೆ ನಾನು ಆ ಆ್ಯಪ್‌ನ ಬಗ್ಗೆ ಎರಡು ಸಲ ಯೋಚಿಸುತ್ತೇನೆ.

ಆ್ಯಪ್ ಇಂದು ಯಾರ ಕೈಯಲ್ಲಿದೆಯೋ ನಾಳೆಯೂ ಅವರ ಕೈಯಲ್ಲೇ ಇರುತ್ತದೆಂದು ಹೇಳಲಾಗದು. ನೋವಾ ಲಾಂಚರ್ ಮತ್ತು ಹುಡುಕಾಟಕ್ಕೆ ಹೆಸರಾಗಿದ್ದ ಸೆಸಮಿ ಎಂಬ ಎರಡು ಆ್ಯಪ್‌ಗಳನ್ನು 2022ರಲ್ಲಿ ಆ್ಯಪ್‌ಗಳ ಒಳಗೆ ನೇರವಾಗಿ ಕರೆದೊಯ್ಯುವ ಲಿಂಕ್‌ಗಳು ಹಾಗೂ ಬಳಕೆಯ ವಿಶ್ಲೇಷಣೆಯ ವ್ಯವಹಾರದಲ್ಲಿರುವ ಬ್ರಾಂಚ್ ಎಂಬ ಕಂಪನಿ ಕೊಂಡಿತು. ಅದರಿಂದ ಕೆಡುಕಾಯಿತೆಂದು ನಾನು ಹೇಳುತ್ತಿಲ್ಲ. ಒಬ್ಬರನ್ನು ನಂಬಿ ಕೊಟ್ಟ ಅನುಮತಿ ಹೀಗೆ ಇನ್ನೊಬ್ಬರ ಕೈ ಸೇರುತ್ತದೆ ಎಂಬುದು ಬಳಕೆದಾರರ ಗಮನದಲ್ಲಿರಬೇಕು. ಈ ದೃಷ್ಟಿಯಿಂದ ಕಿಸ್ ಲಾಂಚರ್‌ನಂಥ ಮುಕ್ತ ತಂತ್ರಾಂಶಗಳು ನನಗೆ ಹಿಡಿಸುತ್ತವೆ. ಗಾತ್ರದಲ್ಲಿ ಬಹಳ ಚಿಕ್ಕದಾದ ಆ ಆ್ಯಪ್‌ನ ಮುಖ್ಯ ಪರದೆಯೇ ಒಂದು ಹುಡುಕಾಟದ ಸಾಲು; ಆ್ಯಪ್, ಸಂಪರ್ಕ, ಸೆಟ್ಟಿಂಗ್ಸ್ ಎಲ್ಲವನ್ನೂ ಅಲ್ಲೇ ಹುಡುಕಬಹುದು, ಮತ್ತು ಅದು ಒಳಗೆ ಏನು ಮಾಡುತ್ತದೆಂಬುದನ್ನು ಬಲ್ಲವರು ಯಾರು ಬೇಕಾದರೂ ಓದಿ ನೋಡಬಹುದು. ನನ್ನ ಫೋನ್ ಬುಕ್‌ನಲ್ಲಿರುವ ನಂಬರ್‌ಗಳು ನನ್ನವಲ್ಲ, ನನ್ನನ್ನು ನಂಬಿ ಕೊಟ್ಟವರವು. ಅವನ್ನು ಯಾರ ಕೈಗೆ ಒಪ್ಪಿಸುತ್ತೇನೆಂಬುದರಲ್ಲಿ ಅವರಿಗೂ ಪಾಲಿದೆ.

ದೃಷ್ಟಿಹೀನರಿಗೆ ಈ ಹುಡುಕಾಟ ಎಷ್ಟು ಮುಖ್ಯವೆಂಬುದನ್ನು ಅವರ ಜೊತೆ ಕುಳಿತು ನೋಡಿದವರು ಬಲ್ಲರು. ಪರದೆಯನ್ನು ಓದಿ ಹೇಳುವ ವಾಯ್ಸ್‌ಓವರ್, ಟಾಕ್‌ಬ್ಯಾಕ್ ಸೌಲಭ್ಯಗಳು 2009ರಿಂದ ಇವೆ. ಅವನ್ನು ಬಳಸುವವರು ನೂರಾರು ಹೆಸರುಗಳ ಪಟ್ಟಿಯನ್ನು ಒಂದೊಂದಾಗಿ ಕೇಳುತ್ತಾ ಹೋಗಬೇಕಾಗುತ್ತದೆ. ಮೂರು ಅಕ್ಷರಗಳ ಹುಡುಕಾಟ ಆ ಪಟ್ಟಿಯನ್ನು ಎರಡು ಮೂರು ಹೆಸರುಗಳಿಗೆ ಇಳಿಸುತ್ತದೆ. ಅವರು ಕೇಳಿಸಿಕೊಳ್ಳುತ್ತಿರುವಾಗಲೇ ಸಾಲುಗಳು ಜರುಗಿದರೆ, ಕೇಳಿದ ಹೆಸರು ಒಂದು, ಕರೆ ಹೋಗುವುದು ಇನ್ನೊಬ್ಬರಿಗೆ. ಧ್ವನಿಯಿಂದ ಹುಡುಕುವ ಸೌಲಭ್ಯ ಇದೆಯಲ್ಲ ಎಂದು ಕೆಲವರು ಹೇಳಬಹುದು. ಅದು ಉಪಯುಕ್ತವೇ, ಆದರೆ ಹೆಸರುಗಳ ಉಚ್ಚಾರಣೆಯಲ್ಲಿ ಅದೂ ಎಡವುತ್ತದೆ, ಗದ್ದಲವಿರುವ ಕಡೆ ಕೆಲಸಕ್ಕೆ ಬರುವುದಿಲ್ಲ, ಮತ್ತು ಎಲ್ಲ ಹೆಸರನ್ನೂ ನಾಲ್ಕು ಜನರ ನಡುವೆ ಗಟ್ಟಿಯಾಗಿ ಹೇಳಲಾಗದು.

ತಯಾರಕರು ಸರಿಪಡಿಸುವವರೆಗೆ ನಾವೇ ಮಾಡಿಕೊಳ್ಳಬಹುದಾದ ಕೆಲವು ಕೆಲಸಗಳಿವೆ. ಸಿಮ್ ಕಾರ್ಡಿನಲ್ಲಿ ಹೆಸರಿಗೆ ಜಾಗ ಬಹಳ ಕಡಿಮೆಯಿದ್ದುದರಿಂದ ನಾವು ಒಮ್ಮೆ ಕತ್ತರಿಸಿ ಬರೆದ ಹೆಸರುಗಳು ಫೋನಿನಿಂದ ಫೋನಿಗೆ ಹಾಗೇ ಬಂದಿವೆ, ಕೆಲವು ಎರಡೆರಡು ಸಲ ಇವೆ. ಅವನ್ನು ಒಂದು ಬಿಡುವಿನ ದಿನ ಕೂತು ತಿದ್ದಿಕೊಳ್ಳಬೇಕು. ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ಸಂಪರ್ಕದ ವಿವರದಲ್ಲಿ ಅಡ್ಡಹೆಸರು ಮತ್ತು ಉಚ್ಚಾರಣೆಯ ಹೆಸರು ಎಂಬ ಜಾಗಗಳಿವೆ. ಹೆಸರನ್ನು ಕನ್ನಡದಲ್ಲಿ ಇಟ್ಟು ಉಚ್ಚಾರಣೆಯ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಎರಡೂ ಲಿಪಿಗಳಲ್ಲಿ ಹುಡುಕಲು ಸುಲಭವಾಗುತ್ತದೆ. ತುರ್ತಿನಲ್ಲಿ ಬೇಕಾಗುವವರನ್ನು ಹುಡುಕಾಟಕ್ಕೆ ಬಿಡದೆ ಬೇರೆಯಾಗಿಯೇ ಇಡುವುದು ಲೇಸು. 2005ರಲ್ಲಿ ಇಂಗ್ಲೆಂಡಿನ ಆಂಬುಲೆನ್ಸ್ ಸಿಬ್ಬಂದಿ ಬಾಬ್ ಬ್ರಾಚಿ ಅವರು ತುರ್ತು ಸಂಪರ್ಕವನ್ನು ‘ಐಸಿಇ’ (ಇನ್ ಕೇಸ್ ಆಫ್ ಎಮರ್ಜೆನ್ಸಿ, ಅಂದರೆ ತುರ್ತು ಸಂದರ್ಭದಲ್ಲಿ) ಎಂಬ ಒಂದೇ ಹೆಸರಿನಲ್ಲಿ ಉಳಿಸಿರೆಂದು ಸಲಹೆ ಕೊಟ್ಟಿದ್ದರು. ಇಂದಿನ ಫೋನುಗಳಲ್ಲಿ ಲಾಕ್ ಆದ ಪರದೆಯಿಂದಲೇ ತುರ್ತು ಸಂಪರ್ಕಗಳನ್ನು ತೆರೆಯುವ ಏರ್ಪಾಡಿದೆ. ನಾನು ಆ ರಾತ್ರಿಗಿಂತ ಮೊದಲು ಅದನ್ನು ತುಂಬಿರಲಿಲ್ಲ, ಈಗ ತುಂಬಿದ್ದೇನೆ.

ಫೋನ್ ತಯಾರಿಸುವ ಕಂಪನಿಗಳಲ್ಲಿ ನನ್ನ ಬೇಡಿಕೆ ಹೆಚ್ಚಿನದೇನಲ್ಲ. 2009ರಲ್ಲಿ ಸೆಟ್ಟಿಂಗ್ಸ್‌ನಲ್ಲಿ ಇದ್ದಂಥ, ಏನನ್ನು ಹುಡುಕಬೇಕೆಂಬ ಆಯ್ಕೆಯನ್ನು ಸರ್ಚ್ ಬಾರ್‌ನ ಪಕ್ಕದಲ್ಲೇ, ಕಣ್ಣಿಗೆ ಕಾಣುವಂತೆ ಇಡಲಿ. ಇಂಟರ್‌ನೆಟ್ಟಿನ ಉತ್ತರ ಬೇಕಾದವರಿಗೆ ಅದು ಕೆಳಗೆ ಬರಲಿ. ಹೊಸ ಫೋನ್ ಕೈಗೆ ಬಂದಾಗ ಜಾಹೀರಾತಿನ ಸಲಹೆಗಳು ಮುಚ್ಚಿದ ಸ್ಥಿತಿಯಲ್ಲಿದ್ದು, ಬೇಕೆಂದವರು ತೆರೆದುಕೊಳ್ಳುವಂತಿರಲಿ.

ತಮ್ಮ ಪತ್ರಿಕೆಯಲ್ಲಿಯೂ ಒಂದು ವಿನಂತಿಯಿದೆ. ಡಯಲ್ ಪ್ಯಾಡಿನಲ್ಲಿ ಹೆಸರು ಹುಡುಕುವುದು, ಸರ್ಚ್ ಬಾರ್‌ನ ಸಲಹೆಗಳನ್ನು ನಿಲ್ಲಿಸುವುದು, ಉಚ್ಚಾರಣೆಯ ಹೆಸರು ತುಂಬುವುದು, ತುರ್ತು ಸಂಪರ್ಕ ಸೇರಿಸುವುದು ಇವಿಷ್ಟನ್ನು ಚಿತ್ರಗಳೊಂದಿಗೆ, ದಪ್ಪ ಅಕ್ಷರಗಳಲ್ಲಿ, ಒಂದು ಪುಟದಲ್ಲಿ ಪ್ರಕಟಿಸಿದರೆ ಅದನ್ನು ಕತ್ತರಿಸಿ ಫೋನಿನ ಪಕ್ಕದಲ್ಲೇ ಇಟ್ಟುಕೊಳ್ಳುವ ಓದುಗರು ಅನೇಕರಿದ್ದಾರೆ. ನನ್ನ ತಾಯಿಯೂ ಅವರಲ್ಲೊಬ್ಬರು.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಒಬ್ಬ ಓದುಗ